ಮುಖಪುಟದ ಚೀನಾ, ಒಳಪುಟದ ಚೀನಾ: ‘ದಿ ಎಕನಾಮಿಸ್ಟ್’ ವಾರಪತ್ರಿಕೆಯ ಚೀನಾ ವಿಭಾಗ

ಲಂಡನ್ನಿನ ‘ದಿ ಎಕನಾಮಿಸ್ಟ್’ ವಾರಪತ್ರಿಕೆಗೆ ನಾನು ಚಂದಾದಾರನಾಗಿ ಹತ್ತು ವರ್ಷಕ್ಕೆ ಮೇಲಾಯಿತು. ಎಲೆಕ್ಟ್ರಾನಿಕ್ ಬಿಡಿಭಾಗಗಳ ಖರೀದಿಯ ಕೆಲಸದಲ್ಲಿದ್ದುದರಿಂದ ಕೋವಿಡ್‌ಗೆ ಮುಂಚೆ ವರ್ಷಕ್ಕೆ ಎರಡು ಸಲವಾದರೂ ಬೆಂಗಳೂರಿನಿಂದ ಚೀನಾದ ಶೆನ್‌ಜೆನ್‌ಗೆ ಹೋಗಿಬರುತ್ತಿದ್ದೆ. ಆ ಪ್ರಯಾಣಗಳಲ್ಲಿ ಕೈಯಲ್ಲಿ ಈ ಪತ್ರಿಕೆ ಇರುತ್ತಿತ್ತು. ಪಾಶ್ಚಾತ್ಯ ಮಾಧ್ಯಮಗಳು ಚೀನಾವನ್ನು ಪೂರ್ವಗ್ರಹದಿಂದ ನೋಡುತ್ತವೆ ಎಂಬ ದೂರು ಹಳೆಯದು. ಆ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು, ಹಣ ಕೊಟ್ಟು ಓದುವ ಒಬ್ಬ ಓದುಗನಾಗಿ, ಈ ಒಂದು ಪತ್ರಿಕೆಯ ಚೀನಾ ಪುಟಗಳನ್ನಿಟ್ಟುಕೊಂಡು ನೋಡುವುದು ಈ ವಿಮರ್ಶೆಯ ಉದ್ದೇಶ.

2012ರ ಜನವರಿಯಲ್ಲಿ ಪತ್ರಿಕೆ ಚೀನಾಕ್ಕೆಂದೇ ಪ್ರತಿ ವಾರ ಒಂದು ಪ್ರತ್ಯೇಕ ವಿಭಾಗವನ್ನು ಆರಂಭಿಸಿತು. 1942ರಲ್ಲಿ ಅಮೆರಿಕಕ್ಕೆ ಅಂಥದೊಂದು ವಿಭಾಗ ಕೊಟ್ಟ ಮೇಲೆ ಬೇರೆ ಯಾವ ದೇಶಕ್ಕೂ ಆ ಮನ್ನಣೆ ಸಿಕ್ಕಿರಲಿಲ್ಲ. 2018ರಲ್ಲಿ ಬೀಜಿಂಗ್‌ನಿಂದ ‘ಚಾಗ್ವಾನ್’ ಎಂಬ ಅಂಕಣವೂ ಶುರುವಾಯಿತು. ಚೀನೀ ಭಾಷೆಯಲ್ಲಿ ಆ ಮಾತಿಗೆ ಚಹಾದ ಅಂಗಡಿ ಎಂದರ್ಥ. ಡೇವಿಡ್ ರೆನ್ನಿ ಬರೆಯುತ್ತಿದ್ದ ಕಾಲದಲ್ಲಿ ಆ ಅಂಕಣ ರಾಜಧಾನಿಯಲ್ಲೇ ಕುಳಿತಿರದೆ ಪ್ರಾಂತ್ಯಗಳಿಗೆ, ಸಣ್ಣ ಊರುಗಳಿಗೆ, ಹಳ್ಳಿಗಳಿಗೆ ಹೋಗಿ ಅಲ್ಲಿನ ಜನರ ಮಾತನ್ನು ಕೇಳಿ ಬರೆಯುತ್ತಿತ್ತು. ಒಪ್ಪಲಾಗದ ತೀರ್ಮಾನಗಳಿದ್ದಾಗಲೂ ಆ ಬರಹಗಳಲ್ಲಿ ಕಾಲ್ನಡಿಗೆಯ ಶ್ರಮ ಕಾಣುತ್ತಿತ್ತು. ಒಳಪುಟಗಳ ಬಗ್ಗೆ ನನ್ನ ಮೆಚ್ಚುಗೆ ಪ್ರಾಮಾಣಿಕವಾದದ್ದು.

ಮುಖಪುಟದ ಮಾತು ಬೇರೆ. 2018ರ ಮಾರ್ಚ್‌ನಲ್ಲಿ ಪತ್ರಿಕೆಯ ಮುಖಪುಟ, ಪಶ್ಚಿಮವು ಚೀನಾವನ್ನು ಹೇಗೆ ತಪ್ಪಾಗಿ ಅಂದಾಜು ಮಾಡಿತು ಎಂದು ಕೇಳಿತು. ವ್ಯಾಪಾರದ ಜೊತೆಗೆ ಪ್ರಜಾಪ್ರಭುತ್ವವೂ ಬರುತ್ತದೆಂಬ ನಂಬಿಕೆ ಸುಳ್ಳಾಯಿತು ಎಂಬುದು ಅದರ ವಾದ. 2020ರ ಏಪ್ರಿಲ್‌ನಲ್ಲಿ, ಚೀನಾ ಗೆಲ್ಲುತ್ತಿದೆಯೇ ಎಂಬ ಪ್ರಶ್ನೆ ಬಂತು. 2023ರ ಮೇ ತಿಂಗಳಲ್ಲಿ, ಚೀನಾ ತನ್ನ ಶಿಖರ ಮುಟ್ಟಿಯಾಯಿತೇ ಎಂಬ ಪ್ರಶ್ನೆ ಬಂತು. ಐದು ವರ್ಷಗಳಲ್ಲಿ ಭಯ, ಬೆರಗು, ಸಮಾಧಾನ ಎಲ್ಲವೂ ಬಂದುಹೋದವು. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನೂರನಲವತ್ತು ಕೋಟಿ ಜನರ ದೇಶವೊಂದು ಪಶ್ಚಿಮಕ್ಕೆ ಏನು ಮಾಡೀತು ಎಂಬುದಷ್ಟೇ ಪ್ರಶ್ನೆಯಾಗಿ, ಆ ಜನರಿಗೆ ಏನಾಗುತ್ತಿದೆ ಎಂಬುದು ಮುಖಪುಟಕ್ಕೆ ಏರಲೇ ಇಲ್ಲ ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಪೂರ್ವಗ್ರಹ ಎಂದರೆ ಇದು. ಅದು ಸುಳ್ಳು ಹೇಳುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಮೊದಲೇ ನಿರ್ಧರಿಸಿಬಿಡುತ್ತದೆ.

ಇದು ಈ ಪತ್ರಿಕೆಗೆ ಮಾತ್ರ ಅಂಟಿದ ದೋಷವಲ್ಲ. 2020ರ ಮಾರ್ಚ್ 8ರಂದು ‘ನ್ಯೂಯಾರ್ಕ್ ಟೈಮ್ಸ್’ ತನ್ನ ಟ್ವಿಟರ್ ಖಾತೆಯಲ್ಲಿ ಎರಡು ಸುದ್ದಿ ಹಾಕಿತು. ಚೀನಾದ ಲಾಕ್‌ಡೌನ್ ಜನರ ಜೀವನೋಪಾಯ ಮತ್ತು ಸ್ವಾತಂತ್ರ್ಯವನ್ನೇ ಭಾರೀ ಬೆಲೆಯಾಗಿ ತೆತ್ತು ನಡೆದದ್ದು ಎಂದು ಒಂದರಲ್ಲಿತ್ತು. ಇಟಲಿ ತನ್ನ ಆರ್ಥಿಕತೆಯನ್ನೇ ಪಣಕ್ಕೊಡ್ಡಿ ಸೋಂಕು ತಡೆಯಲು ಹೊರಟಿದೆ ಎಂದು ಇನ್ನೊಂದರಲ್ಲಿತ್ತು. ಎರಡು ವಾಕ್ಯವೂ ಸುಳ್ಳಲ್ಲ. ಆದರೆ ಒಂದೇ ಬಗೆಯ ಕ್ರಮ ಒಂದು ಕಡೆ ದಬ್ಬಾಳಿಕೆಯಾಗಿಯೂ ಇನ್ನೊಂದು ಕಡೆ ತ್ಯಾಗವಾಗಿಯೂ ಓದುಗನ ಮನಸ್ಸಿನಲ್ಲಿ ಕೂರುತ್ತದೆ.

ನನಗೆ ಇದು ಚೆನ್ನಾಗಿ ಅರ್ಥವಾದದ್ದು 2019ರಲ್ಲಿ, ಶೆನ್‌ಜೆನ್‌ನ ಹ್ವಾಚಿಯಾಂಗ್‌ಬೇ ಮಾರುಕಟ್ಟೆಯ ಪಕ್ಕದ ಒಂದು ಸಣ್ಣ ನೂಡಲ್ಸ್ ಅಂಗಡಿಯಲ್ಲಿ. 2016ರ ಡಿಸೆಂಬರ್‌ನಲ್ಲಿ ‘ದಿ ಎಕನಾಮಿಸ್ಟ್’ ಚೀನಾದ ಡಿಜಿಟಲ್ ಸರ್ವಾಧಿಕಾರದ ಬಗ್ಗೆ ಬರೆದದ್ದನ್ನು ಓದಿದ್ದ ನಾನು, ಅಲ್ಲಿ ಪ್ರತಿಯೊಬ್ಬ ಪ್ರಜೆಗೂ ನಡತೆ ನೋಡಿ ಸರ್ಕಾರ ಒಂದು ಅಂಕ ಕೊಡುತ್ತದೆಂದೇ ನಂಬಿದ್ದೆ. ನಮಗೆ ಸರಕು ಕೊಡುತ್ತಿದ್ದ ಸಂಸ್ಥೆಯ ಮಾರಾಟ ವಿಭಾಗದ ಮಹಿಳೆಯೊಬ್ಬರು ಎದುರಿಗೆ ಕುಳಿತಿದ್ದರು. ನಿಮ್ಮ ಅಂಕ ಎಷ್ಟು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಫೋನಿನಲ್ಲಿ ಹಣ ಪಾವತಿಯ ಅಲಿಪೇ ಆ್ಯಪ್ ತೆರೆದು ‘ಝೀಮಾ’ ಅಂಕವನ್ನು ತೋರಿಸಿದರು. ಅದು ಸರ್ಕಾರದ್ದಲ್ಲ, 350ರಿಂದ 950ರವರೆಗೆ ಖಾಸಗಿ ಕಂಪನಿಯೊಂದು ಕೊಡುವ ಅಂಕ. ಹೆಚ್ಚಿದ್ದರೆ ಪವರ್ ಬ್ಯಾಂಕ್ ಬಾಡಿಗೆಗೆ ಪಡೆಯುವಾಗ ಠೇವಣಿ ಇಡಬೇಕಿಲ್ಲ ಎಂದರು. ಆಮೇಲೆ, ತಮಗೆ ನಿದ್ದೆಗೆಡಿಸಿರುವ ಅಂಕವೇ ಬೇರೆ ಎಂದು ಮಗಳ ಶಾಲೆಯ ವಿಷಯ ತೆಗೆದರು. ಅವರು ಹುನಾನ್‌ನವರು, ಅವರ ‘ಹುಕೌ’, ಅಂದರೆ ಸರ್ಕಾರಿ ಸೌಲಭ್ಯಗಳನ್ನು ಸ್ವಂತ ಊರಿಗೆ ಕಟ್ಟಿಹಾಕುವ ಕುಟುಂಬದ ನೋಂದಣಿ, ಇನ್ನೂ ಊರಿನಲ್ಲೇ ಇತ್ತು. ಶೆನ್‌ಜೆನ್‌ನ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗಬೇಕಾದರೆ ಹುಕೌ, ಮನೆ, ಸಾಮಾಜಿಕ ವಿಮೆ ಕಟ್ಟಿದ ಅವಧಿ ಇವೆಲ್ಲಕ್ಕೂ ಅಂಕಗಳಿವೆ. ಆ ಲೆಕ್ಕವನ್ನು ಅವರು ಬೆರಳು ಮಡಚುತ್ತಾ ನನಗೆ ವಿವರಿಸಿದರು.

ದೇಶದ ಎಲ್ಲರಿಗೂ ಅನ್ವಯಿಸುವ ಒಂದೇ ಅಂಕ ಎಂಬುದು ಚೀನಾದಲ್ಲಿ ಜಾರಿಗೆ ಬರಲೇ ಇಲ್ಲ. 2014ರಲ್ಲಿ ಸರ್ಕಾರ ಹೊರಡಿಸಿದ ‘ಸೋಷಿಯಲ್ ಕ್ರೆಡಿಟ್’ (ಸಾಮಾಜಿಕ ವಿಶ್ವಾಸಾರ್ಹತೆ) ಯೋಜನೆ ಆಚರಣೆಯಲ್ಲಿ ಬಹುಮಟ್ಟಿಗೆ ಕಂಪನಿಗಳ ನಿಯಂತ್ರಣಕ್ಕೆ ಸಂಬಂಧಿಸಿತ್ತು. ಕೆಲವು ಊರುಗಳು ಅಂಕ ಕೊಡುವ ಪ್ರಯೋಗ ಮಾಡಿದ್ದು ನಿಜ. ನ್ಯಾಯಾಲಯದ ತೀರ್ಪಿದ್ದೂ ಬಾಕಿ ಕಟ್ಟದವರನ್ನು ಕಪ್ಪುಪಟ್ಟಿಗೆ ಸೇರಿಸಿ ವಿಮಾನ, ವೇಗದ ರೈಲಿನ ಟಿಕೆಟ್ ನಿರಾಕರಿಸುವುದೂ ನಿಜ. ಪಾಶ್ಚಾತ್ಯ ಪತ್ರಿಕೆಗಳಲ್ಲಿ ಇವೆಲ್ಲವೂ ಒಂದರೊಳಗೊಂದು ಕಲೆಸಿಹೋಗಿ ಒಂದು ಭಯಾನಕ ಕಥೆಯಾಯಿತು. ಕೋಟ್ಯಂತರ ವಲಸೆ ಕಾರ್ಮಿಕರ ಮಕ್ಕಳನ್ನು ತಂದೆತಾಯಿಯಿಂದ ದೂರವಿಟ್ಟಿರುವ ಹುಕೌ ವ್ಯವಸ್ಥೆ ಒಳಪುಟಗಳಲ್ಲಿ ಆಗಾಗ ಬಂದರೂ ಆ ಮಟ್ಟದ ಕುತೂಹಲ ಕೆರಳಿಸಲಿಲ್ಲ.

ಪತ್ರಿಕೆಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. 2021ರ ಜನವರಿ 19ರಂದು ಅಮೆರಿಕ ಸರ್ಕಾರ ವಾಯವ್ಯ ಚೀನಾದ ಷಿನ್‌ಜಿಯಾಂಗ್‌ನಲ್ಲಿ ಉಯಿಘರ್ ಮುಸ್ಲಿಮರ ಮೇಲೆ ನಡೆಯುತ್ತಿರುವುದು ನರಮೇಧ ಎಂದು ಘೋಷಿಸಿದಾಗ, ಮುಂದಿನ ತಿಂಗಳೇ ಈ ಪತ್ರಿಕೆ ಆ ಪದ ತಪ್ಪು ಎಂದು ಸಂಪಾದಕೀಯ ಬರೆಯಿತು. ಅಲ್ಲಿ ನಡೆದಿರುವ ದೌರ್ಜನ್ಯವನ್ನು ಅದು ಕಿಂಚಿತ್ತೂ ಮುಚ್ಚಿಡಲಿಲ್ಲ. ಆದರೆ ಸಾಮೂಹಿಕ ಕೊಲೆಗೆ ಮೀಸಲಾದ ಪದವನ್ನು ಬೇರೆ ಅಪರಾಧಕ್ಕೆ ಬಳಸಬಾರದು ಎಂದಿತು. 2022ರ ಆಗಸ್ಟ್ 31ರಂದು ಬಂದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ವರದಿಯೂ ನರಮೇಧ ಎನ್ನಲಿಲ್ಲ, ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದು ಎಂದಿತು. ಪಾಶ್ಚಾತ್ಯ ಮಾಧ್ಯಮವೆಲ್ಲ ಒಂದೇ ರಾಗ ಹಾಡುತ್ತದೆ ಎನ್ನುವವರು ಆ ಸಂಪಾದಕೀಯವನ್ನು ಓದಬೇಕು.

ಈ ಪತ್ರಿಕೆಯಲ್ಲಿ ಲೇಖನಗಳಿಗೆ ಲೇಖಕರ ಹೆಸರಿರುವುದಿಲ್ಲ. ಮುಕ್ತ ವ್ಯಾಪಾರದ ಪ್ರತಿಪಾದನೆಗಾಗಿ 1843ರಲ್ಲಿ ಜೇಮ್ಸ್ ವಿಲ್ಸನ್ ಇದನ್ನು ಸ್ಥಾಪಿಸಿದ ಕಾಲದಿಂದ ಬಂದ ಪದ್ಧತಿ ಅದು. (ನಮ್ಮ ದೇಶಕ್ಕೆ 1860ರಲ್ಲಿ ಆದಾಯ ತೆರಿಗೆ ತಂದವರೂ ಇದೇ ವಿಲ್ಸನ್; ಅದೇ ವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡರು.) ಹೆಸರಿಲ್ಲದ ಕಾರಣ ವರದಿ ಎಲ್ಲಿ ಮುಗಿಯಿತು, ಅಭಿಪ್ರಾಯ ಎಲ್ಲಿ ಶುರುವಾಯಿತು ಎಂಬ ಗೆರೆ ಕಾಣುವುದಿಲ್ಲ, ಹಳ್ಳಿಗೆ ಹೋಗಿಬಂದವರ ದನಿಯೂ ಲಂಡನ್ನಿನ ಸಂಪಾದಕರ ದನಿಯೂ ಒಂದೇ ಆಗಿಬಿಡುತ್ತದೆ.

ದೂರು ಹೇಳುವ ಬೀಜಿಂಗ್‌ನ ಪಾಲೂ ಇದರಲ್ಲಿ ಸಣ್ಣದಲ್ಲ. 2016ರ ಏಪ್ರಿಲ್‌ನಲ್ಲಿ ಷಿ ಜಿನ್‌ಪಿಂಗ್ ಅವರ ವ್ಯಕ್ತಿಪೂಜೆಯ ಬಗ್ಗೆ ಮುಖಪುಟ ಬಂದ ಬೆನ್ನಲ್ಲೇ ಈ ಪತ್ರಿಕೆಯ ಜಾಲತಾಣಕ್ಕೆ ಚೀನಾದಲ್ಲಿ ತಡೆ ಬಿತ್ತು. 2020ರಲ್ಲಿ, ಟ್ರಂಪ್ ಸರ್ಕಾರ ಚೀನೀ ಸರ್ಕಾರಿ ಮಾಧ್ಯಮಗಳ ನೌಕರರ ಸಂಖ್ಯೆಯನ್ನು ಕಡಿತಗೊಳಿಸಿದ್ದಕ್ಕೆ ಪ್ರತಿಯಾಗಿ, ಮೂರು ದೊಡ್ಡ ಅಮೆರಿಕನ್ ಪತ್ರಿಕೆಗಳ ವರದಿಗಾರರನ್ನು ಹೊರಹಾಕಲಾಯಿತು. 2021ರ ನವೆಂಬರ್‌ನಲ್ಲಿ ‘ದಿ ಎಕನಾಮಿಸ್ಟ್’ನ ವರದಿಗಾರ್ತಿಯ ವೀಸಾ ನವೀಕರಿಸಲು ಹಾಂಗ್‌ಕಾಂಗ್ ನಿರಾಕರಿಸಿತು. ಹತ್ತಿರದಿಂದ ನೋಡುವವರನ್ನು ಕಳಿಸಿಬಿಟ್ಟರೆ ದೂರದಿಂದ ಊಹಿಸುವವರಷ್ಟೇ ಉಳಿಯುತ್ತಾರೆ.

ನಾವು ಭಾರತೀಯ ಓದುಗರು ಈ ಊಹೆಯನ್ನೇ ನೆಚ್ಚಿಕೊಂಡಿದ್ದೇವೆ. 2023ರಲ್ಲಿ ಭಾರತ ಮತ್ತು ಚೀನಾ ಪರಸ್ಪರರ ಪತ್ರಕರ್ತರಿಗೆ ವೀಸಾ ನಿಲ್ಲಿಸಿದ ಮೇಲಂತೂ ಕನ್ನಡ ಪತ್ರಿಕೆಗಳ ಚೀನಾ ಸುದ್ದಿ ಹೆಚ್ಚಾಗಿ ರಾಯಿಟರ್ಸ್, ಎಎಫ್‌ಪಿ, ಎಪಿಗಳ ಸುದ್ದಿಯ ಅನುವಾದವೇ ಆಗಿದೆ. ಗಾಲ್ವಾನ್‌ನ ನೋವು ನಮಗಿದೆ, ಅದು ಸಹಜ. ಆದರೆ ಚೀನಾದ ವಿರುದ್ಧ ಬರೆದದ್ದೆಲ್ಲವೂ ನಿಜವಿರಬೇಕು ಎಂಬ ಓದಿನಿಂದ ನಮಗೇ ನಷ್ಟ.

ಚಂದಾ ದುಬಾರಿ, ಆದರೂ ಈ ಸಲವೂ ನವೀಕರಿಸಿದ್ದೇನೆ. ಸಂಚಿಕೆ ಬಂದ ದಿನ ಮುಖಪುಟವನ್ನೂ ಸಂಪಾದಕೀಯವನ್ನೂ ಬದಿಗಿಟ್ಟು ನೇರವಾಗಿ ಚೀನಾ ವಿಭಾಗಕ್ಕೆ ಹೋಗುತ್ತೇನೆ. ಒಂದು ಊರಿನ, ಒಂದು ಕಾರ್ಖಾನೆಯ, ಒಬ್ಬ ತಾಯಿಯ ವಿಷಯ ಇರುವ ಬರಹವನ್ನು ಹುಡುಕಿ ಮೊದಲು ಓದುತ್ತೇನೆ. ಶೆನ್‌ಜೆನ್‌ನ ಆ ಮಹಿಳೆಯ ಮಗಳಿಗೆ ಅಲ್ಲಿ ಸೀಟು ಸಿಗಲಿಲ್ಲ. ಅವಳು ಹುನಾನ್‌ನಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆ ಎಂದು ಅವರು ಆಮೇಲೆ ತಿಳಿಸಿದ್ದರು.