ಸ್ಕ್ಯಾನಿಂಗ್ ಚೆನ್ನಾಗಿದೆ, ಕಾಮಾ ಮಾತ್ರ ಮುಟ್ಟಬೇಡಿ

ನಮ್ಮಜ್ಜ 1930ರ ದಶಕದಲ್ಲಿ ಕಾಫಿ ಬೇಸಾಯದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದ್ದರು. ಉಳಿದಿರುವುದು ಒಂದೇ ಪ್ರತಿ. ನಮ್ಮ ಕೊಡಗಿನ ಮಳೆಗೆ ಅದಕ್ಕೂ ಬೂಷ್ಟು. ಇ-ಪುಸ್ತಕ ಮಾಡಿಸೋಣ ಅಂತ ಮಡಿಕೇರಿಯ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಹೆಸರು ಬೇಡ, ಹುಡುಗರು ಒಳ್ಳೆಯವರು.

ಸ್ಕ್ಯಾನಿಂಗ್ ಬಗ್ಗೆ ದೂರಿಲ್ಲ. ಹೊಲಿಗೆ ಬಿಚ್ಚದೆ ಮೇಲಿಂದ ಕ್ಯಾಮೆರಾ ಇಟ್ಟು ತೆಗೆದರು. ಕಲೆಯೆಲ್ಲ ಹೋಗಿ ಅಕ್ಷರ ಎದ್ದು ಕಾಣುತ್ತವೆ.

ಎಡವಟ್ಟಾಗಿದ್ದು ಅಕ್ಷರಕ್ಕೆ ಇಳಿಸುವಾಗ. ಅಜ್ಜನದು ಬ್ರಿಟಿಷ್ ಪದ್ಧತಿ. ಮಾತಿಗೆ ಸಿಂಗಲ್ ಕೋಟ್ (‘ ’), ಮಾತಿನೊಳಗಿನ ಮಾತಿಗೆ ಡಬಲ್ (“ ”). ಅಮೆರಿಕದಲ್ಲಿ ಇದು ತಿರುಗುಮುರುಗು. ಅಂಗಡಿಯವರು ಒಂದೇ ಏಟಿಗೆ ಸಿಂಗಲ್ ಎಲ್ಲವನ್ನೂ ಡಬಲ್ ಮಾಡಿಬಿಟ್ಟಿದ್ದಾರೆ. ಬಿಟ್ಟ ಅಕ್ಷರದ ಜಾಗದಲ್ಲಿ ಹಾಕುವ ಅಪಾಸ್ಟ್ರಫಿಯೂ ಅದೇ ಗುರುತು ಅಲ್ವಾ? ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡಿನಲ್ಲೂ ಮುಚ್ಚುವ ಸಿಂಗಲ್ ಕೋಟಿಗೂ ಅಪಾಸ್ಟ್ರಫಿಗೂ U+2019 ಅನ್ನೋ ಒಂದೇ ಸಂಕೇತ. ಹಾಗಾಗಿ ‘ಡೋಂಟ್’ (don’t) ಅನ್ನುವ ಪದದಲ್ಲಿ ಎನ್ ಮತ್ತು ಟಿ ನಡುವೆ ಡಬಲ್ ಕೋಟ್ ಬಂದು ಕೂತಿದೆ!

ಕಾಮಾ ಕಥೆ ಇನ್ನೊಂದು. ಬ್ರಿಟಿಷರಲ್ಲಿ ಕಾಮಾ, ಫುಲ್‌ಸ್ಟಾಪ್ ಆ ಮಾತಿಗೆ ಸೇರಿದ್ದರೆ ಮಾತ್ರ ಕೋಟಿನ ಒಳಗೆ. ಅಮೆರಿಕದವರಿಗೆ ಸೇರಲಿ ಬಿಡಲಿ, ಒಳಗೇ. ಕಾಫಿ ಗಿಡ ಕೊರೆಯುವ ಹುಳದ ಹೆಸರು, ಅಜ್ಜನ ‘ಬೋರರ್’, ಅನ್ನುವುದು “ಬೋರರ್,” ಆಗಿದೆ. ಕೇಳಿದರೆ, “ಅಂಕಲ್, ಹಳೇದ್ರಲ್ಲಿ ತಪ್ಪಿತ್ತು, ಸರಿ ಮಾಡಿದ್ದೀವಿ” ಅಂದರು. ನಗು ಬಂತು, ಸಿಟ್ಟೂ ಬಂತು.

ಹಾಗಂತ ಬ್ರಿಟಿಷ್ ಪುಸ್ತಕವೆಲ್ಲ ಒಂದೇ ಥರ ಅಂದುಕೊಳ್ಳಬೇಡಿ. 19ನೇ ಶತಮಾನದ ಲಂಡನ್ ಪುಸ್ತಕಗಳಲ್ಲಿ ಡಬಲ್ ಕೋಟೂ ಬೇಕಾದಷ್ಟಿದೆ. ಅರ್ಥ ನೋಡಿ ಕಾಮಾ ಇಡಿ ಅಂತ ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ಫೌಲರ್ ಸೋದರರು ವಾದಿಸಿದ್ದೇ 1906ರಲ್ಲಿ. ಆದ್ದರಿಂದ ದೇಶ ನೋಡಿ ನಿಯಮ ಹಾಕೋದು ಬೇಡ, ಎದುರಿಗಿರುವ ಪುಟ ನೋಡಿದರೆ ಸಾಕು. ಡ್ಯಾಶ್ ಕೂಡ ಹಾಗೇ.

ಕೊಡುವವರು ಮೊದಲೇ “ಪುಟದಲ್ಲಿ ಇದ್ದ ಹಾಗೇ” ಅಂತ ಬರೆದುಕೊಡಿ. ಅಡ್ವಾನ್ಸ್ ಕೊಡುವ ಮುಂಚೆ ಸಂಭಾಷಣೆ ಇರುವ ಒಂದು ಪುಟ ಮಾಡಿಸಿ ನೋಡಿ. ಸುಮ್ನೆ ಮುಖಪುಟ ನೋಡಿ ಒಪ್ಪಬೇಡಿ.

ತಿದ್ದುವುದಕ್ಕೆ ಮತ್ತೆ ದುಡ್ಡು ಕೇಳಲಿಲ್ಲ, ಅದು ಒಳ್ಳೆಯತನ. ಈಗ ಮೂರು ಸ್ಟಾರ್. ಕೊನೇ ಅಧ್ಯಾಯದಲ್ಲಿ ಕಾಮಾಗಳು ಇನ್ನೂ ಒಳಗೇ ಇವೆ. ಅವು ಹೊರಗೆ ಬಂದ ದಿನ ನಾಲ್ಕನೆಯದು.