ನೌಕರಿ ಬಿಡದೆ ಇತಿಹಾಸದ ಎಂ.ಎ.: ಮೂರು ದಾರಿ ನಡೆದು ನೋಡಿದೆ

ಕೊಪ್ಪಳದಲ್ಲಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವನು ನಾನು. ನಲವತ್ತು ದಾಟಿದ ಮೇಲೆ ಇತಿಹಾಸ ಓದುವ ಹುಚ್ಚು ಹಿಡಿಯಿತು.

ಮೊದಲು ರೆಗ್ಯುಲರ್ ಕೋರ್ಸಿಗೇ ಸೇರಿದೆ. ಗಳಿಕೆ ರಜೆ ಹಾಕಿ ಮೂರು ವಾರ ತರಗತಿಗೆ ಹೋದೆ. ನೂರಕ್ಕೆ 75 ಹಾಜರಿ ಬೇಕು ಎಂದಾಗ ಅಲ್ಲಿಗೆ ಮುಗಿಯಿತು. ಆದರೆ ಆ ಮೂರು ವಾರದ ಒಂದು ಮಧ್ಯಾಹ್ನ ಮುಂದೆ ಎಲ್ಲಿಯೂ ಸಿಗಲಿಲ್ಲ. ಮೇಷ್ಟ್ರು ನಮ್ಮನ್ನು ಗವಿಮಠದ ಬೆಟ್ಟಕ್ಕೆ ಕರೆದೊಯ್ದರು. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಅಲ್ಲಿದೆ. ಕಲ್ಲು ಮುಟ್ಟದೆ ಗಾಳಿಯಲ್ಲೇ ಬೆರಳಾಡಿಸುತ್ತ ‘ದೇವಾನಂಪಿಯೆ’ (ದೇವರಿಗೆ ಪ್ರಿಯನಾದವನು, ಅಶೋಕನ ಬಿರುದು) ಎಂದು ಅಕ್ಷರ ಅಕ್ಷರವಾಗಿ ಓದಿಸಿದರು. ಶಾಸನದ ಲಿಪಿಯಾದ ಬ್ರಾಹ್ಮಿಯ ನಕಾರವೆಂದರೆ ತಲೆಕೆಳಗಾದ ಇಂಗ್ಲಿಷಿನ ಟಿ. ನೆತ್ತಿಗೊಂದು ಗೀಟು ಎಳೆದರೆ ಅದು ‘ನಾ’. ಉಪಾಸಕನಾಗಿ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ ಎಂದು ದೊರೆ ಅಲ್ಲಿ ಒಪ್ಪಿಕೊಳ್ಳುತ್ತಾನೆ. ದೂರಶಿಕ್ಷಣದವರೆಲ್ಲ ಓದಿಕೊಳ್ಳಬೇಕಾದ ಸಾಲು.

ಎರಡನೆಯದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೆ ಎಳೆಯಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ನೂರರಲ್ಲಿ 30 ಅಂಕ ಅಸೈನ್‌ಮೆಂಟಿನದು. ಆ ಭಯಕ್ಕಾದರೂ ವರ್ಷವಿಡೀ ಪುಸ್ತಕ ತೆರೆಯುತ್ತಿದ್ದೆ. ತೊಡಕೆಂದರೆ ಮಾಧ್ಯಮ: ಇಂಗ್ಲಿಷ್, ಇಲ್ಲವೇ ಹಿಂದಿ. ವಿಜಯನಗರದ ಅರಸನ ನೇರ ಹಿಡಿತ ರಾಜಧಾನಿಯ ಸುತ್ತಮುತ್ತ ಮಾತ್ರ, ಅದರಾಚೆ ಅವನ ದೊರೆತನ ಬಹುಮಟ್ಟಿಗೆ ವಿಧಿ-ಆಚರಣೆಗಳಿಗೆ ಸೀಮಿತವಾದದ್ದು ಎಂಬ ಇತಿಹಾಸಕಾರ ಬರ್ಟನ್ ಸ್ಟೈನ್ ವಾದಕ್ಕೆ ಉತ್ತರ ಬರೆಯಲು ನನಗೆ ಒಂದು ವಾರ ಹಿಡಿಯಿತು. ವಾದ ಅರ್ಥವಾಗಲು ಒಂದು ರಾತ್ರಿ, ಇಂಗ್ಲಿಷ್ ವಾಕ್ಯ ನೆಟ್ಟಗಾಗಲು ಆರು.

ಅದನ್ನು ನಡುವೆಯೇ ಬಿಟ್ಟು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಕನ್ನಡ ಮಾಧ್ಯಮದಲ್ಲಿ ಸೇರಿದೆ. ಪುಸ್ತಕದ ಕಟ್ಟು ನನ್ನ ಕಚೇರಿಗೇ ಬಂತು. ನನ್ನ ಹೆಸರಿಗೆ ನಾನೇ ಠಸ್ಸೆ ಒತ್ತಿಕೊಂಡೆ. ಪೆನ್ನು ಸಲೀಸಾಗಿ ಓಡಿತು. ಓಡಿದ್ದೇ ಅಪಾಯ. ಅಮರನಾಯಕ ಪದ್ಧತಿಯ ಬಗ್ಗೆ ನಾಲ್ಕು ಪುಟ ಗೀಚಿ ಮರುದಿನ ಓದಿದರೆ, ನಾಯಕರಿಗೆ ಭೂಮಿ ಕೊಟ್ಟರು, ಪ್ರತಿಯಾಗಿ ಸೈನ್ಯ ಪಡೆದರು ಎಂಬುದನ್ನೇ ಐದು ಬಗೆಯಲ್ಲಿ ಹೇಳಿದ್ದೆ. ಇಂಗ್ಲಿಷಿನಲ್ಲಾಗಿದ್ದರೆ ಅಷ್ಟು ಬರೆಯಲು ಬಾರದೆ ಯೋಚಿಸುತ್ತಿದ್ದೆನೇನೋ.

ಈಗ ಎರಡನ್ನೂ ಬೆರೆಸಿಕೊಂಡಿದ್ದೇನೆ. ನೋಂದಣಿ, ಪರೀಕ್ಷೆ ಕನ್ನಡದಲ್ಲಿ. ಓದಿಗೆ ಇಗ್ನೋದ ಪಾಠಗಳೂ ಇವೆ. ಅವು ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತ. ಒಂದು ಅಧ್ಯಾಯ ಓದಿ, ಮೊಬೈಲ್ ಮುಚ್ಚಿಟ್ಟು, ಅದರ ವಾದವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸುತ್ತೇನೆ. ಪುಟ ದಾಟಿದರೆ ಹರಿದು ಮತ್ತೆ ಬರೆಯುತ್ತೇನೆ.

ಅಂಚೆ ತೆರಪಿನ ಪದವಿಗೆ ಬೆಲೆಯಿದೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮಾನ್ಯತೆ ಪಡೆದ ಸಂಸ್ಥೆಯದಾದರೆ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲೇ ತಿಳಿಸಿದೆ. ನೀವು ಸೇರುವ ವರ್ಷ ಆ ಕೋರ್ಸು ಯುಜಿಸಿ ಪಟ್ಟಿಯಲ್ಲಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಸರ್ಕಾರಿ ನೌಕರರಾದರೆ ಇಲಾಖೆಯ ಅನುಮತಿ ಪತ್ರವನ್ನೂ ಮೊದಲೇ ಪಡೆಯಿರಿ.

ಆ ಮಧ್ಯಾಹ್ನದ ಕೊರತೆಯನ್ನು ಮಾತ್ರ ಯಾವ ಕಟ್ಟೂ ತುಂಬಿಲ್ಲ. ಹೋದ ಭಾನುವಾರ ಒಬ್ಬನೇ ಕೊಪ್ಪಳದ ಇನ್ನೊಂದು ಬೆಟ್ಟ ಪಾಲ್ಕಿಗುಂಡು ಹತ್ತಿದೆ. ಬಂಡೆಗಳ ಮೇಲೆ ಕೊಡೆಯಂತೆ ಕೂತ ಕಲ್ಲಿನ ನೆರಳಿನಲ್ಲಿ ಅಶೋಕನದೇ ಇನ್ನೊಂದು ಶಾಸನ, ತೀರಾ ಸವೆದದ್ದು. ಒಂದು ಗಂಟೆ ಕಣ್ಣು ಕಿರಿದು ಮಾಡಿಕೊಂಡು ನೋಡಿದ ಮೇಲೆ ಎರಡು ನಕಾರ ಸಿಕ್ಕವು.