ವೀಲ್‌ಚೇರ್ ಬಳಸುವವರೇ, ‘ರ‍್ಯಾಂಪ್ ಇದೆ’ ಅಂದ ಮಾತ್ರಕ್ಕೆ ಮುಂಗಡ ಕಟ್ಟಬೇಡಿ

ಶ್ರೀರಂಗಪಟ್ಟಣದ ಸುತ್ತಮುತ್ತ ಹಳೇ ತೊಟ್ಟಿಮನೆ, ಬಂಗಲೆಗಳನ್ನು ದುರಸ್ತಿ ಮಾಡಿ ನೋಡಲು, ತಂಗಲು ಬಿಟ್ಟಿರುವ ಜಾಗಗಳಿವೆ. ಅಂಥ ಒಂದು ಮನೆಗೆ ವೀಲ್‌ಚೇರ್‌ನಲ್ಲಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಒಳಗೆ ಕಾಲಿಡಲಾಗದೆ ಅಂಗಳದಿಂದಲೇ ವಾಪಸ್ಸು ಬರಬೇಕಾಯಿತು. ಬುಕ್ ಮಾಡುವಾಗ ಫೋನಿನಲ್ಲಿ ಸಿಕ್ಕ ಉತ್ತರ: “ರ‍್ಯಾಂಪ್ ಇದೆ, ನಮ್ಮ ಹುಡುಗರೂ ಇರ್ತಾರೆ, ಏನೂ ತೊಂದರೆ ಆಗಲ್ಲ.” ಮುಂಗಡ ವಾಪಸ್ ಕೊಡಲಿಲ್ಲ. ಮನೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಅಲ್ಲಿ ಟೇಪು ಹಿಡಿದು ಅಳೆದದ್ದನ್ನು ಬರೆಯುತ್ತೇವೆ. ಇಂಥ ಹಳೇ ಕಾಲದ ಯಾವ ಮನೆಗೆ ಹೋದರೂ ಇದೇ ತೊಡಕುಗಳು ಎದುರಾಗಬಹುದು.

ಮೊದಲು ರ‍್ಯಾಂಪ್. ಕಾವೇರಿ ದಡದ ಹಳೇ ಮನೆಗಳ ತಳಪಾಯ ಎತ್ತರ. ಮಳೆನೀರು, ತೇವ ಒಳಗೆ ಬರಬಾರದು ಅಂತ ಕಟ್ಟಿದ್ದು. ಇಲ್ಲಿ ಜಗಲಿ ನೆಲದಿಂದ 24 ಇಂಚು. ಅದಕ್ಕೆ ಒರಗಿಸಿದ್ದ ತಗಡು ಹೊಡೆದ ಹಲಗೆ 8 ಅಡಿ. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಇದೇ 1:12 ಇಳಿಜಾರು. ಅಂದರೆ 24 ಅಡಿ ಉದ್ದ ಬೇಕಿದ್ದ ಕಡೆ 8 ಅಡಿ ಇತ್ತು, ಮೂರು ಪಟ್ಟು ಕಡಿದು. ಅಷ್ಟು ಕಡಿದಾದಾಗ ಕೂತವರ ಭಾರ ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದಕ್ಕೆ ಹೋಗುತ್ತದೆ, ಮುಂದಿನ ಸಣ್ಣ ಗಾಲಿ ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಆಗಿದ್ದೂ ಅದೇ. ಅರ್ಧ ದಾರಿಗೆ ಮುಂಗಾಲಿಗಳು ಎದ್ದವು. ಗಾಬರಿಯಲ್ಲಿ ಒಬ್ಬ ಹುಡುಗ ಕೈಯೊರಗು ಹಿಡಿದು ಎಳೆದ, ಅದು ಕಳಚಿ ಅವನ ಕೈಗೇ ಬಂತು. ಇನ್ನೊಬ್ಬ ಹಿಂದಿನ ಹಿಡಿ ಬಿಡದೆ ನಿಂತಿದ್ದರಿಂದ ಅನಾಹುತ ತಪ್ಪಿತು.

ಇದನ್ನು ನೆನಪಿಡಿ: ಕೈಯೊರಗು, ಕಾಲುಹಲಗೆ ಎರಡೂ ಎಷ್ಟೋ ವೀಲ್‌ಚೇರ್‌ಗಳಲ್ಲಿ ಕಳಚುವ ಭಾಗಗಳು. ಪಕ್ಕದಿಂದ ಮಂಚಕ್ಕೆ, ಕಾರಿಗೆ ಸರಿಯಲು ಅನುಕೂಲವಾಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ಎತ್ತುವವರು ಬೆಸುಗೆ ಹಾಕಿದ ಚೌಕಟ್ಟನ್ನೇ ಹಿಡಿಯಬೇಕು. ಕಡಿದಾದ ಕಡೆ ಇಳಿಸುವಾಗ ಕುರ್ಚಿಯ ಬೆನ್ನು ಇಳಿಜಾರಿನ ಕಡೆಗಿರಬೇಕು, ತಳ್ಳುವವರು ಕೆಳಗಡೆ ನಿಂತಿರಬೇಕು. ಮುಖ ಮುಂದೆ ಮಾಡಿ ಇಳಿಸಿದರೆ ಕೂತವರು ಮುಂದಕ್ಕೆ ಜಾರಿ ಬೀಳುತ್ತಾರೆ.

ಗೇಟಿನಿಂದ ಜಗಲಿವರೆಗೆ ಸಡಿಲ ಜಲ್ಲಿ ಹಾಸಿತ್ತು. ಸಣ್ಣ ಮುಂಗಾಲಿ ಅದರಲ್ಲಿ ಹೂತುಹೋಗುತ್ತದೆ. ಕುರ್ಚಿಯನ್ನು ತಿರುಗಿಸಿ ದೊಡ್ಡ ಗಾಲಿಗಳ ಮೇಲೆ ಹಿಮ್ಮುಖವಾಗಿ ಎಳೆದರೆ ಮಾತ್ರ ಸಾಗುತ್ತದೆ.

ಜಗಲಿ ಹತ್ತಿದರೂ ಮುಂದೆ ಹೊಸ್ತಿಲು. ಈ ಮನೆಯದು 6 ಇಂಚಿನ ಮರದ ಹೊಸ್ತಿಲು. ಅಡೆತಡೆಯಿಲ್ಲದ ಕಟ್ಟಡದ ಮಾನದಂಡದಲ್ಲಿ ಹೊಸ್ತಿಲು ಅರ್ಧ ಇಂಚು ಮೀರುವಂತಿಲ್ಲ. ಹಳೇ ಹೊಸ್ತಿಲನ್ನು ಕೊಯ್ಯಿರಿ ಅಂತ ಯಾರೂ ಹೇಳುತ್ತಿಲ್ಲ. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಹೊಸ್ತಿಲು ಅದು. ಎರಡೂ ಕಡೆ ಇಟ್ಟು ತೆಗೆಯುವ ಮರದ ಇಳಿಜಾರು ಸಾಕಲ್ಲ ಅನಿಸಬಹುದು. ತೊಟ್ಟಿಮನೆಯಲ್ಲಿ ಅದೂ ಕೆಲವೊಮ್ಮೆ ಕೆಲಸಕ್ಕೆ ಬರಲ್ಲ. 6 ಇಂಚಿಗೆ ಒಳಗಡೆ 6 ಅಡಿ ಇಳಿಜಾರು ಬೇಕು. ಇಲ್ಲಿ ಬಾಗಿಲಿಂದ ತೊಟ್ಟಿಯ ಅಂಚಿಗೆ ಇದ್ದದ್ದು 4 ಅಡಿ ಮಾತ್ರ. ಹಲಗೆ ಇಟ್ಟರೆ ಕುರ್ಚಿ ನೇರ ತೊಟ್ಟಿಗೇ ಇಳಿಯುತ್ತದೆ. ಬಾಗಿಲೂ ಎರಡು ಕದದ್ದು. ಒಂದು ಕದದ ಅಗಳಿ ತುಕ್ಕು ಹಿಡಿದು ಕೂತಿತ್ತು. ತೆರೆದ ಕದದ ಜಾಗ 20 ಇಂಚು. ಸಾಮಾನ್ಯ ವೀಲ್‌ಚೇರ್ ಹೊರ ಅಗಲವೇ 24ರಿಂದ 27 ಇಂಚು, ಗಾಲಿ ತಿರುಗಿಸುವ ಕೈಗೆ ಜಾಗ ಬೇರೆ. ಮಾನದಂಡ ಕೇಳುವುದು 900 ಮಿಲಿಮೀಟರ್, ಹತ್ತಿರ ಹತ್ತಿರ 3 ಅಡಿ.

ಹೆಚ್ಚು ನೋವಾದದ್ದು ಹಿತ್ತಿಲು ನೋಡಿದಾಗ. ಹಿತ್ತಿಲ ಬಾಗಿಲು ನೆಲದಿಂದ ಬರೀ 4 ಇಂಚು ಎತ್ತರ, ಅಗಲವೂ ಸಾಕಷ್ಟಿತ್ತು. ಅಕ್ಕಿ ಮೂಟೆ, ಸಿಲಿಂಡರ್ ಒಳಗೆ ಹೋಗುವುದು ಅಲ್ಲಿಂದಲೇ. ನಾಲ್ಕಡಿ ಹಲಗೆ ಹಾಕಿದ್ದರೆ ಮುಗಿಯುತ್ತಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಹಳೇ ಮನೆಗೆ ಹೋಗುವವರು ಮುಂಬಾಗಿಲ ಬಗ್ಗೆ ಕೇಳಿ ಸುಮ್ಮನಾಗಬೇಡಿ, ಹಿತ್ತಿಲ ಬಾಗಿಲ ಬಗ್ಗೆಯೂ ಕೇಳಿ.

ಬಚ್ಚಲನ್ನು ಜೊತೆಯವರು ಒಳಹೋಗಿ ನೋಡಿ ಬಂದರು. ಈ ಮನೆಗಳಿಗೆ ಕೋಣೆಗೆ ಹೊಂದಿಕೊಂಡ ಬಚ್ಚಲು ಆಮೇಲೆ ಸೇರಿಸಿದ್ದು. ಹಳೇ ನೆಲ ಒಡೆಯದೆ ಪೈಪನ್ನು ಮೇಲೆಯೇ ಹಾಯಿಸಿ ಅದರ ಮೇಲೆ ಹೊಸ ನೆಲ ಹಾಕುತ್ತಾರೆ. ಹಾಗಾಗಿ ಬಚ್ಚಲಿಗೆ ಒಂದು ಮೆಟ್ಟಿಲು ಬಂದೇ ಬರುತ್ತದೆ. ಇಲ್ಲಿ ಅದು 7 ಇಂಚು, ಬಾಗಿಲು 24 ಇಂಚು. ಕಮೋಡ್ ಪಕ್ಕ ಇದ್ದದ್ದು ಟವೆಲ್ ಹಾಕುವ ಸರಳು. ದಯವಿಟ್ಟು ಅದನ್ನು ಆಸರೆ ಅಂತ ನಂಬಬೇಡಿ. ಹಳೇ ಗಾರೆ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದ್ದರೆ, ಮೈಭಾರ ಬಿದ್ದ ಕೂಡಲೇ ಗಾರೆ ಪುಡಿಯಾಗಿ ಸರಳು ಸಮೇತ ಕಿತ್ತು ಬರುತ್ತದೆ. ಊರುಗೋಲು ಬಳಸುವವರಿಗೆ ಇನ್ನೊಂದು ಅಪಾಯ ಕಾವಿ ನೆಲ: ಒದ್ದೆಯಾದರೆ ಸವೆದ ರಬ್ಬರ್ ಬುಡ ನಿಲ್ಲುವುದೇ ಇಲ್ಲ.

ಕೊನೆಗೆ ಮ್ಯಾನೇಜರ್ ಹೇಳಿದ್ದು, “ನಾಲ್ಕು ಜನ ಎತ್ಕೊಂಡು ಹೋಗ್ತಾರೆ ಬಿಡಿ ಸಾರ್.” ಎತ್ತಿಕೊಂಡು ಹೋಗುವುದು ಸೌಲಭ್ಯ ಅಲ್ಲ. ಬೆನ್ನುಹುರಿ ಪೆಟ್ಟಾದವರಿಗೆ ತಪ್ಪು ಹಿಡಿತವೇ ಹೊಸ ಗಾಯ ಮಾಡಬಹುದು. ಬ್ಯಾಟರಿ ಕುರ್ಚಿಯನ್ನಂತೂ ಹಾಗೆ ಎತ್ತುವ ಯೋಚನೆಯೇ ಬೇಡ. ಪ್ರತಿ ಸಲ ಬಚ್ಚಲಿಗೆ ಹೋಗಲು ಅಪರಿಚಿತ ನಾಲ್ವರನ್ನು ಕೂಗಬೇಕು ಅಂದರೆ ಯಾರು ತಾನೇ ಒಪ್ಪುತ್ತಾರೆ?

ಮುಂಗಡ ಕಟ್ಟುವ ಮುಂಚೆ “ರ‍್ಯಾಂಪ್ ಇದೆಯಾ” ಅಂತ ಕೇಳಬೇಡಿ, ಅಳತೆ ಕೇಳಿ. ಜಗಲಿ ಎಷ್ಟು ಇಂಚು, ರ‍್ಯಾಂಪ್ ಎಷ್ಟು ಅಡಿ, ಕದ ಪೂರ್ತಿ ತೆರೆದಾಗ ಒಳ ಅಗಲ ಎಷ್ಟು, ಬಚ್ಚಲಿಗೆ ಮೆಟ್ಟಿಲೆಷ್ಟು. ಗೇಟಿನಿಂದ ಕಮೋಡ್‌ವರೆಗೆ ನಡೆದುಕೊಂಡೇ, ಪ್ರತಿ ತೊಡಕಿಗೆ ಟೇಪು ಹಿಡಿದು ವಿಡಿಯೊ ಕಳಿಸಲು ಹೇಳಿ. ರ‍್ಯಾಂಪಿನ ಮೇಲ್ತುದಿಯಲ್ಲಿ, ಬಾಗಿಲ ಮುಂದೆ 5 ಅಡಿ ಸಮತಟ್ಟು ಜಾಗ ಇದೆಯೇ ನೋಡಿ. ಇಲ್ಲದಿದ್ದರೆ ಕುರ್ಚಿ ತಿರುಗುವುದಿಲ್ಲ. “ವೀಲ್‌ಚೇರ್ ಒಳಗೆ ಬರುತ್ತದೆ, ಬರದಿದ್ದರೆ ಪೂರ್ತಿ ಹಣ ವಾಪಸ್” ಎಂಬ ಮಾತು ವಾಟ್ಸ್ಯಾಪ್‌ನಲ್ಲಿ ಬರಹದಲ್ಲೇ ಬರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕಟ್ಟಡಕ್ಕೆ ಮಾತ್ರ ಅಂದುಕೊಂಡವರು ಬಹಳ. ಸೇವೆ ಕೊಡುವ ಖಾಸಗಿಯವರೂ ಅದರ 46ನೇ ಸೆಕ್ಷನ್‌ಗೆ ಒಳಪಡುತ್ತಾರೆ. ಉಲ್ಲಂಘನೆಗೆ 89ನೇ ಸೆಕ್ಷನ್‌ನಲ್ಲಿ ಮೊದಲ ಸಲ 10,000 ರೂಪಾಯಿವರೆಗೆ ದಂಡವಿದೆ. ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಹಣದ ವಿಷಯಕ್ಕೆ ಮೊದಲು 1915 ಗ್ರಾಹಕ ಸಹಾಯವಾಣಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಘಟನೆಯಾದ 2 ವರ್ಷದೊಳಗೆ ದೂರು ಹಾಕಬೇಕು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಹಣ ಕಟ್ಟಿದ ರಸೀದಿ, ವಾಟ್ಸ್ಯಾಪ್ ಮಾತುಕತೆ, ಟೇಪಿನ ಅಂಕಿ ಓದುವಂತೆ ತೆಗೆದ ಫೋಟೊ ಈ ಮೂರನ್ನೂ ಅಲ್ಲಿಂದ ಹೊರಡುವ ಮುಂಚೆಯೇ ಜೋಡಿಸಿಟ್ಟುಕೊಳ್ಳಿ. ನೀವು ಅಲ್ಲಿಂದ ಹೊರಟು ಬಂದ ಮೇಲೆ ಹಲಗೆ ಬದಲಾದರೆ ಹಳೇ ಅಳತೆಗೆ ಬೇರೆ ಸಾಕ್ಷಿ ಇರುವುದಿಲ್ಲ.